ಸಿಕ್ಕಿದ್ದ ಪೇಪರ್ ತೆಗೆದಾಯಿತು, ಪ್ರಿಂಟರ್ ಮಾತ್ರ ಇನ್ನೂ ಪೇಪರ್ ಜಾಮ್ ಅನ್ನುತ್ತಿದೆ

ಟ್ಯೂಷನ್ ಟೀಚರ್, ಸಾಗರ

ಎಲ್ಲರಿಗೂ ನಮಸ್ಕಾರ. ಮನೆಯ ಪ್ರಿಂಟರ್ ಕೈಕೊಟ್ಟಿದೆ. ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ.

ಇಂಕ್ ಟ್ಯಾಂಕ್ ಇರುವ ಕಲರ್ ಪ್ರಿಂಟರ್. ಮೇಲೆ ಸ್ಕ್ಯಾನರ್ ಇದೆ, ಪೇಪರನ್ನು ಹಿಂದುಗಡೆ ನಿಲ್ಲಿಸಿ ಹಾಕುವಂಥದ್ದು. ಕಂಪನಿ ಹೆಸರು ಬೇಡ ಬಿಡಿ. ವಾರಂಟಿ ಮುಗಿದಿದೆ. ಮನೆಯಲ್ಲೇ ಒಂದರಿಂದ ಏಳನೇ ಕ್ಲಾಸಿನವರೆಗೆ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಪ್ರಶ್ನೆಪತ್ರಿಕೆ, ಲೆಕ್ಕದ ಹಾಳೆ ಎಲ್ಲ ಇದರಲ್ಲೇ ತೆಗೆಯುವುದು. ಪೇಪರ್ ಉಳಿಯಲಿ ಅಂತ ಎರಡೂ ಕಡೆ ಪ್ರಿಂಟ್ ಮಾಡುತ್ತೇನೆ, ಒಂದು ಕಡೆ ಆದ ಮೇಲೆ ಕೈಯಲ್ಲೇ ತಿರುಗಿಸಿ ಹಾಕುತ್ತೇನೆ.

ಹೋದ ವಾರ ಹಾಗೆ ತಿರುಗಿಸಿ ಹಾಕಿದಾಗ ಒಟ್ಟಿಗೆ ಎರಡು ಮೂರು ಹಾಳೆ ಒಳಗೆ ಹೋದವು. ಕಟಕಟ ಸದ್ದು, ಆಮೇಲೆ ಸ್ತಬ್ಧ. ಅಷ್ಟರಲ್ಲಿ ಕರೆಂಟ್ ಬೇರೆ ಹೋಯಿತು. ನಮ್ಮ ಮನೆಯವರು ಹಿಂದಿನಿಂದ ಎಳೆದು ತೆಗೆದರು, ಒಂದು ಮೂಲೆ ಹರಿದು ಬಂತು. ಹರಿದ ತುಂಡುಗಳನ್ನೂ ಹುಡುಕಿ ತೆಗೆದೆವು. ಈಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಒಂದು ಚೂರೂ ಪೇಪರ್ ಕಾಣಿಸುವುದಿಲ್ಲ. ಆದರೂ ಪ್ರಿಂಟ್ ಕೊಟ್ಟರೆ ಮತ್ತೆ ಅದೇ ಪೇಪರ್ ಜಾಮ್ ಅಂತ ಬರುತ್ತದೆ, ಕೆಂಪು ದೀಪ ಮಿಣಮಿಣ.

ಸರ್ವಿಸ್‌ಗೆ ಅಂದರೆ ಶಿವಮೊಗ್ಗಕ್ಕೆ ಒಯ್ಯಬೇಕು. ಈ ಮಳೆಯಲ್ಲಿ ಅದನ್ನು ಹೊತ್ತುಕೊಂಡು ಬಸ್ಸು ಹತ್ತುವುದಕ್ಕೆ ಮೊದಲು ಮನೆಯಲ್ಲೇ ಏನಾದರೂ ಮಾಡಬಹುದಾ?

ಬನಶಂಕರಿ ಹುಡುಗ

ಮೊದಲು ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ಕಂಪ್ಯೂಟರ್‌ನಲ್ಲಿ ಹಳೇ ಪ್ರಿಂಟ್‌ಗಳು ಸಾಲಾಗಿ ಕಾಯುತ್ತಾ ಕೂತಿದ್ದರೆ ಎಲ್ಲ ಕ್ಯಾನ್ಸಲ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಪ್ರಿಂಟರನ್ನು ಎತ್ತಿ ತಲೆಕೆಳಗೆ ಮಾಡಿ ಚೆನ್ನಾಗಿ ಅಲ್ಲಾಡಿಸಿ. ನಮ್ಮ ಮನೆಯ ಹಳೇದರಲ್ಲಿ ಹೀಗೆ ಮಾಡಿದಾಗ ಒಂದು ಸ್ಟೇಪ್ಲರ್ ಪಿನ್, ಪೆನ್ ಕ್ಯಾಪ್ ಎಲ್ಲ ಉದುರಿದವು.

ಹುಬ್ಬಳ್ಳಿ ರಿಪೇರಿ

ಟೀಚರ್, ದಯವಿಟ್ಟು ತಲೆಕೆಳಗೆ ಮಾತ್ರ ಮಾಡಬೇಡಿ. ಮೊದಲು ಇದನ್ನು ಓದಿ, ಆಮೇಲೆ ಪ್ರಿಂಟರ್ ಮುಟ್ಟಿ.

ಹಳೇ ಕಾರ್ಟ್ರಿಡ್ಜ್ ಪ್ರಿಂಟರ್ ಆಗಿದ್ದರೆ, ಅದರಲ್ಲಿ ಸಾಮಾನ್ಯವಾಗಿ ಇಂಕು ಸ್ಪಂಜಿನೊಳಗೆ ಇರುತ್ತದೆ, ಹೇಗೋ ಪಾರಾಗಬಹುದು. ನಿಮ್ಮದು ಟ್ಯಾಂಕ್. ಟ್ಯಾಂಕಿನಲ್ಲಿ ಇಂಕು ನೀರಿನ ಹಾಗೆ ಬಿಡಿಯಾಗಿ ನಿಂತಿರುತ್ತದೆ, ಅಲ್ಲಿಂದ ಸಣ್ಣ ಟ್ಯೂಬಿನಲ್ಲಿ ಹೆಡ್‌ಗೆ, ಅಂದರೆ ಅತ್ತಿತ್ತ ಓಡುತ್ತಾ ಪೇಪರ್ ಮೇಲೆ ಇಂಕು ಹಾಕುವ ಭಾಗಕ್ಕೆ, ಹೋಗುತ್ತದೆ. ತಿರುಗಿಸಿದರೆ ಗಾಳಿ ಹೋಗಲು ಇಟ್ಟ ತೂತಿನಿಂದ ಇಂಕು ಹೊರಗೆ ಬರುತ್ತದೆ, ಟ್ಯೂಬಿಗೆ ಗಾಳಿ ಹೋಗುತ್ತದೆ. ಅಷ್ಟೇ ಅಲ್ಲ, ಕ್ಲೀನಿಂಗ್ ಮಾಡಿದಾಗ ಹೊರಬಿದ್ದ ಹಳೇ ಇಂಕೆಲ್ಲ ಪ್ರಿಂಟರಿನ ತಳದಲ್ಲಿ ಒಂದು ದಪ್ಪ ಪ್ಯಾಡಿನಲ್ಲಿ ಇಂಗಿರುತ್ತದೆ, ಅದೂ ಸೋರುತ್ತದೆ. ಪೇಪರ್ ಜಾಮ್ ಅಂತ ಹೇಳಿ ನನ್ನ ಟೇಬಲ್‌ಗೆ ಬಂದ ಎಷ್ಟೋ ಪ್ರಿಂಟರುಗಳ ಒಳಗೆ ಪೇಪರ್ ಸಮಸ್ಯೆ ಚಿಕ್ಕದು, ಅಲ್ಲಾಡಿಸಿದ್ದರಿಂದ ಬೋರ್ಡ್ ಮೇಲೆ ಹರಿದ ಇಂಕಿನ ಸಮಸ್ಯೆ ದೊಡ್ಡದು.

ಈಗ ಕೆಲಸದ ಮಾತು. ಪೇಪರ್ ಜಾಮ್ ಅಂತ ಪ್ರಿಂಟರ್ ಹೇಳಿದ ಮಾತ್ರಕ್ಕೆ ಒಳಗೆ ಪೇಪರ್ ಇದೆ ಅಂತ ಅರ್ಥವಲ್ಲ. ಅದಕ್ಕೆ ಕಣ್ಣಿಲ್ಲ. ಪೇಪರ್ ಬರಬೇಕಾದ ಹೊತ್ತಿಗೆ ಬರಲಿಲ್ಲ, ಅಥವಾ ಹೋಗಬೇಕಾದದ್ದು ಹೋಗಲಿಲ್ಲ, ಅಥವಾ ಹೆಡ್ಡು ಎಡದಿಂದ ಬಲಕ್ಕೆ ಓಡುವಾಗ ಎಲ್ಲೋ ತಡೆಯಿತು, ಇದಷ್ಟೇ ಅದಕ್ಕೆ ಗೊತ್ತಾಗುವುದು. ಹಾಗಾಗಿ ಎಲ್ಲಿ ಅಂತ ನಾವು ಹುಡುಕಬೇಕು, ಅದಕ್ಕೆ ಕಣ್ಣಿಗಿಂತ ಕಿವಿ ಜಾಸ್ತಿ ಉಪಯೋಗ.

ಪೇಪರ್ ಹಾಕದೆ ಸುಮ್ನೆ ಆನ್ ಮಾಡಿ. ಕಿವಿ ಕೊಟ್ಟು ಕೇಳಿ. ಆನ್ ಮಾಡಿದ ಕೂಡಲೇ, ಏನೂ ಪ್ರಿಂಟ್ ಕೊಡದೆಯೇ, ಹೆಡ್ಡು ಒಂದು ಪಕ್ಕಕ್ಕೆ ಟಪ್ ಅಂತ ಬಡಿದು ಜಾಮ್ ತೋರಿಸಿದರೆ ತೊಂದರೆ ಹೆಡ್ ಓಡುವ ದಾರಿಯಲ್ಲಿದೆ. ಒಂದು ಚೂರು ಪೇಪರ್ ಅಡ್ಡ ಇರಬಹುದು, ಇಲ್ಲವೇ ಹೆಡ್ಡಿನ ಹಿಂದೆ ಉದ್ದಕ್ಕೂ ಕಟ್ಟಿರುವ ತೆಳು ಪ್ಲಾಸ್ಟಿಕ್ ಪಟ್ಟಿ ಕೊಳೆಯಾಗಿರಬಹುದು ಅಥವಾ ಕೊಂಡಿಯಿಂದ ಕಳಚಿರಬಹುದು. ಆ ಪಟ್ಟಿ ನೋಡಲು ಬೂದು ಬಣ್ಣ, ಹತ್ತಿರದಿಂದ ನೋಡಿದರೆ ಇಂಚಿಗೆ ನೂರಕ್ಕೂ ಜಾಸ್ತಿ ಸಣ್ಣ ಗೆರೆಗಳಿರುತ್ತವೆ. ಆ ಗೆರೆಗಳನ್ನು ಎಣಿಸಿಕೊಂಡೇ ಹೆಡ್ಡಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುವುದು. ಹರಿದ ಪೇಪರ್ ಎಳೆಯುವಾಗ ಬೆರಳ ಗ್ರೀಸು ಅದಕ್ಕೆ ಮೆತ್ತಿಕೊಂಡರೆ ಎಣಿಕೆ ತಪ್ಪುತ್ತದೆ, ಹೆಡ್ಡು ಗೋಡೆಗೆ ಹೋಗಿ ಗುದ್ದುತ್ತದೆ.

ಆನ್ ಆದಾಗ ಎಲ್ಲ ಸರಿ ಇದ್ದು, ಪ್ರಿಂಟ್ ಕೊಟ್ಟ ಮೇಲೆ ರೋಲರ್ ತಿರುಗುವಾಗ ಮಾತ್ರ ಜಾಮ್ ಬಂದರೆ ತೊಂದರೆ ಪೇಪರ್ ಬರುವ ದಾರಿಯಲ್ಲಿದೆ. ಆಗ ಪೇಪರ್ ನೇರವಾಗಿ ಹೋಗುತ್ತದೋ, ಓರೆಯಾಗುತ್ತದೋ, ಒಳಗೆ ಹೋಗುವುದೇ ಇಲ್ಲವೋ ನೋಡಿ ಹೇಳಿ.

ಇನ್ನೊಂದು ಮಾತು, ಇದು ಅರ್ಜೆಂಟು. ಕರೆಂಟ್ ಹೋದಾಗ ಹೆಡ್ಡು ನಡುವೆ ನಿಂತಿತ್ತಾ? ಅದು ಬಲಗಡೆಯ ತನ್ನ ಜಾಗಕ್ಕೆ ಹೋಗಿ ಕೂತರೆ ಕೆಳಗಿನಿಂದ ರಬ್ಬರ್ ಮುಚ್ಚಳ ಬಂದು ಅದರ ಬಾಯಿ ಮುಚ್ಚುತ್ತದೆ. ನಡುವೆ ಬಾಯಿ ತೆರೆದುಕೊಂಡು ದಿನಗಟ್ಟಲೆ ನಿಂತರೆ ಇಂಕು ಒಣಗಿ ಕಟ್ಟಿಕೊಳ್ಳುತ್ತದೆ. ಅದರ ತೂತುಗಳು ನಮ್ಮ ತಲೆಗೂದಲಿಗಿಂತ ಸಣ್ಣ. ಮೊದಲು ಅದು ಬಲಕ್ಕೆ ಹೋಗಿ ಕೂತಿದೆಯಾ ನೋಡಿ.

ಕುಂದಾಪ್ರ ಕಡಲು

ರಿಪೇರಿಯವರು ಹೇಳಿದ್ದು ನಿಜ, ಒಳಗೆ ಪೇಪರ್ರೇ ಇರಬೇಕಂತಿಲ್ಲ. ನಮ್ಮಲ್ಲಿ ಆನ್ ಮಾಡಿದ ಕೂಡಲೇ ಜಾಮ್ ಅನ್ನುತ್ತಿತ್ತು. ಹುಡುಕಿ ಹುಡುಕಿ ಸಾಕಾಗಿ, ಹೆಡ್ಡನ್ನು ಮೆಲ್ಲಗೆ ಎಡಕ್ಕೆ ಸರಿಸಿ ಬಲಮೂಲೆಗೆ ಟಾರ್ಚ್ ಬಿಟ್ಟರೆ ಒಂದು ಹಲ್ಲಿ! ಅದರ ಬಾಲ ರಬ್ಬರ್ ಮುಚ್ಚಳಕ್ಕೆ ಸಿಕ್ಕಿ ಹಾಗೇ ಒಣಗಿಹೋಗಿತ್ತು. ಪಕ್ಕದಲ್ಲಿ ಬಿಳಿ ಮೊಟ್ಟೆ ಬೇರೆ. ಹಿಂದುಗಡೆ ಪೇಪರ್ ಹಾಕುವ ಬಾಯಿ ತೆರೆದೇ ಇಟ್ಟರೆ ಮಳೆಗಾಲದಲ್ಲಿ ಎಲ್ಲ ಜೀವಿಗಳೂ ಅಲ್ಲೇ ಮನೆ ಮಾಡುತ್ತವೆ. ಜಿರಳೆಯೂ ಅಷ್ಟೇ. ಈಗ ರಾತ್ರಿ ಒಂದು ಹಳೇ ದಿಂಬಿನ ಕವರ್ ಹೊದಿಸಿ ಮಲಗುವುದು.

ಟ್ಯೂಷನ್ ಟೀಚರ್, ಸಾಗರ

ಅಯ್ಯೋ ಹಲ್ಲಿ ಓದಿ ಮೈ ಜುಂ ಅಂತು. ನಮ್ಮದರಲ್ಲಿ ಹಲ್ಲಿ ಇಲ್ಲ, ಸದ್ಯ.

ರಿಪೇರಿಯವರೇ, ಬಹಳ ಉಪಕಾರ. ನೀವು ಹೇಳಿದ ಹಾಗೆ ಪೇಪರ್ ಇಲ್ಲದೆ ಆನ್ ಮಾಡಿ ಕೇಳಿದೆ. ಹೆಡ್ಡು ಎಡಕ್ಕೂ ಬಲಕ್ಕೂ ಸಲೀಸಾಗಿ ಓಡಿತು, ಬಲಕ್ಕೆ ಹೋಗಿ ಕೂತಿತು, ದೀಪ ಹಸಿರಾಯಿತು. ಆದರೆ ಅದಕ್ಕೆ ಮೊದಲು ಕೆಲವು ದಿನ ನಡುವೆಯೇ ನಿಂತಿತ್ತು, ಯಾಕೆಂದರೆ ನಾವು ಪ್ಲಗ್ ಕಿತ್ತು ಹಾಗೇ ಬಿಟ್ಟಿದ್ದೆವು. ಆಮೇಲೆ ಪೇಪರ್ ಹಾಕಿ ಪ್ರಿಂಟ್ ಕೊಟ್ಟೆ. ಬಲಗಡೆ ಅಂಚು ಒಳಗೆ ಹೋಗುತ್ತದೆ, ಎಡಗಡೆ ಹೋಗುವುದೇ ಇಲ್ಲ. ಹಾಳೆ ಓರೆಯಾಗಿ, ಎಡಮೂಲೆ ಮಡಚಿಕೊಂಡು ನಿಲ್ಲುತ್ತದೆ. ಪ್ರತಿ ಸಲವೂ ಎಡಮೂಲೆಯೇ.

ಹುಬ್ಬಳ್ಳಿ ರಿಪೇರಿ

ಭೇಷ್. ಹಾಗಾದರೆ ಅರ್ಧ ಕೆಲಸ ಮುಗಿಯಿತು. ಪ್ರತಿ ಸಲ ಒಂದೇ ಪಕ್ಕ ತಡೆಯುತ್ತಿದೆ ಅಂದರೆ ಆ ಪಕ್ಕದಲ್ಲಿ ಏನೋ ಇದೆ. ಟಾರ್ಚಿಗೆ ಕಾಣಿಸುವುದಿಲ್ಲ, ಯಾಕೆಂದರೆ ಪೇಪರ್ ಇಳಿಯುವ ದಾರಿ ಬಾಗಿರುತ್ತದೆ, ರೋಲರಿನ ಕೆಳಗೆ ಬೆಳಕೇ ಹೋಗುವುದಿಲ್ಲ.

ಮನೆಯಲ್ಲಿ ಹಳೇ ಮದುವೆ ಕರೆಯೋಲೆ ಇರುತ್ತದಲ್ಲ, ದಪ್ಪ ಕಾರ್ಡಿನದ್ದು, ಅದನ್ನು ತೆಗೆದುಕೊಳ್ಳಿ. ಮಡಿಸಿದ ಅಂಚು ಇಲ್ಲದ ಹಾಗೆ ಮೂರು ಬೆರಳಗಲದ ಉದ್ದ ಪಟ್ಟಿ ಕತ್ತರಿಸಿ. ಚಿನ್ನದ ಪುಡಿ, ಅಂಟಿಸಿದ ಗಣಪತಿ ಇರುವ ಕಾರ್ಡು ಬೇಡ, ಅದು ಕಿತ್ತು ಒಳಗೆ ಬಿದ್ದರೆ ಇನ್ನೊಂದು ತಲೆನೋವು. ಪ್ರಿಂಟರ್ ಆಫ್ ಮಾಡಿ, ಪ್ಲಗ್ ಕೀಳಿ. ಪಟ್ಟಿಯನ್ನು ಹಿಂದಿನ ಬಾಯಿಯಿಂದ, ಪೇಪರ್ ಇಳಿಯುವ ದಾರಿಯಲ್ಲೇ, ಮೊದಲು ಬಲಗಡೆ ಇಳಿಸಿ. ಎಷ್ಟು ಆಳ ಹೋಯಿತು ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಆಮೇಲೆ ನಡುವೆ. ಆಮೇಲೆ ಎಡಗಡೆ. ಎಡಗಡೆ ಗುರುತಿಗಿಂತ ಮೇಲೆಯೇ ನಿಂತರೆ ವಸ್ತು ಅಲ್ಲೇ ಇದೆ. ಒತ್ತಬೇಡಿ, ಸುಮ್ನೆ ಇಳಿಸಿ ನೋಡಿ. ರೋಲರಿನ ಎದುರಿಗೆ ಸ್ಪ್ರಿಂಗ್ ಇರುವ ಸಣ್ಣ ಪ್ಯಾಡ್ ಇರುತ್ತದೆ, ಒಂದೊಂದೇ ಹಾಳೆ ಬೇರೆ ಮಾಡುವುದು ಅದೇ. ಅದಕ್ಕೆ ಪೆಟ್ಟಾದರೆ ಮುಂದೆ ಯಾವಾಗಲೂ ಎರಡೆರಡು ಹಾಳೆ ಎಳೆಯುತ್ತದೆ.

ವಸ್ತು ಗಟ್ಟಿ ಇದ್ದು ತಟ್ಟಿದರೆ ಟಕ್ ಅಂದರೆ ಪ್ಲಾಸ್ಟಿಕ್ಕೋ ಲೋಹವೋ. ಮೆತ್ತಗೆ ಇದ್ದರೆ ಪೇಪರ್ ಉಂಡೆ. ಪಟ್ಟಿಯ ತುದಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ ಇಳಿಸಿದರೆ ಸಣ್ಣ ಚೂರು ಅಂಟಿಕೊಂಡು ಬರುತ್ತದೆ. ಹುಬ್ಬು ಕೀಳುವ ಪ್ಲಕ್ಕರ್ ಇದ್ದರೆ ಅದೂ ಆಗುತ್ತದೆ, ಆದರೆ ರಬ್ಬರ್ ರೋಲರಿಗೆ ತಾಗಿಸಬೇಡಿ, ಗೀರು ಬಿದ್ದರೆ ಹಾಳು.

ಪೇಪರ್ ಉಂಡೆಯೇ ಆಗಿದ್ದು ಬರದಿದ್ದರೆ, ಎಡಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ ಹಲ್ಲುಚಕ್ರ ಕಾಣಿಸುವ ಮಾಡೆಲ್ ಆದರೆ ಅದನ್ನು ಬೆರಳಿನಲ್ಲಿ ಮೆಲ್ಲಗೆ, ಪೇಪರ್ ಮುಂದಕ್ಕೆ ಬರುವ ದಿಕ್ಕಿಗೆ ತಿರುಗಿಸಿ. ಬಿಗಿಯಾದರೆ ಬಿಟ್ಟುಬಿಡಿ. ಇನ್ನು ಮುಂದೆ ಹಾಳೆ ಸಿಕ್ಕಿಕೊಂಡರೆ ಅದು ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಯಲ್ಲಿ ಸಮವಾಗಿ ಎಳೆಯುವುದು ಒಳ್ಳೆಯದು, ಅರ್ಧಕ್ಕಿಂತ ಜಾಸ್ತಿ ಹಿಂದೆಯೇ ಉಳಿದಿದ್ದರೆ ಮಾತ್ರ ಹಿಂದಿನಿಂದ. ಹರಿದು ಬಂದ ತುಂಡುಗಳನ್ನು ಬಿಸಾಡಬೇಡಿ, ಟೇಬಲ್ ಮೇಲೆ ಒಂದು ಪೂರ್ತಿ ಎ4 ಹಾಳೆಯ ಮೇಲೆ ಜೋಡಿಸಿ ನೋಡಿ. ಎಲ್ಲಿ ಕಿಂಡಿ ಉಳಿಯುತ್ತದೋ ಅಷ್ಟು ತುಂಡು ಇನ್ನೂ ಒಳಗಿದೆ, ಯಾವ ಪಕ್ಕದಲ್ಲಿದೆ ಅಂತಲೂ ಗೊತ್ತಾಗುತ್ತದೆ.

ಹೆಡ್ಡಿಗೆ ಹೋಗುವ ಬಿಳಿ ಚಪ್ಪಟೆ ವೈರು, ಟ್ಯೂಬು ಎರಡನ್ನೂ ಮುಟ್ಟಬೇಡಿ.

ಅಡಿಕೆ ತೋಟ

ಕಬ್ಬಿಣದ ರಾಡು ಕಾಣುತ್ತದಲ್ಲ, ಹೆಡ್ಡು ಓಡುವುದು, ಅದಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಹೊಲಿಗೆ ಮಿಷನ್ ಎಣ್ಣೆಯೂ ಆಗುತ್ತದೆ. ಬೆಣ್ಣೆಯಂತೆ ಓಡುತ್ತದೆ.

ಹುಬ್ಬಳ್ಳಿ ರಿಪೇರಿ

ತೋಟದ ಅಣ್ಣಾ, ಕೊಬ್ಬರಿ ಎಣ್ಣೆ ತಲೆಗೆ ಇರಲಿ. ಟೀಚರ್ ಮನೆಯ ಹೆಡ್ಡು ಸಲೀಸಾಗಿ ಓಡುತ್ತಿದೆ, ಅದಕ್ಕೆ ಎಣ್ಣೆಯ ಅಗತ್ಯವೇ ಇಲ್ಲ. ಎಣ್ಣೆ ಹಾಕಿದ ರಾಡಿಗೆ ಪೇಪರ್ ದೂಳು ಸೇರಿ ಒಂದು ತರಹ ಕಪ್ಪು ಮೇಣ ಆಗುತ್ತದೆ, ಆಮೇಲೆ ಹೆಡ್ಡು ನಿಜವಾಗಿಯೂ ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯಾದರೆ ಡಿಸೆಂಬರ್ ಚಳಿಗೆ ಗಟ್ಟಿಯೂ ಆಗುತ್ತದೆ. ಒಂದು ಹನಿ ಆ ಗೆರೆಯ ಪಟ್ಟಿಗೋ ರಬ್ಬರ್ ರೋಲರಿಗೋ ತಾಗಿತು ಅಂದರೆ ಮುಗಿಯಿತು ಕಥೆ.

ಕಾಗದದವ, ದಾಂಡೇಲಿ

ನಾನು ಪ್ರಿಂಟರ್ ರಿಪೇರಿಯವನಲ್ಲ, ಆದರೆ ಬಹಳ ವರ್ಷ ಕಾಗದದ ಜೊತೆಗೇ ಕೆಲಸ ಮಾಡಿದವನು. ಒಳಗಿನ ವಸ್ತು ಇವತ್ತು ತೆಗೆದರೂ ಮುಂದಿನ ವಾರ ಮತ್ತೆ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ಟೀಚರ್ ಹೇಳಿದ ಮೊದಲ ಮಾತು ಯಾರೂ ಹಿಡಿಯಲಿಲ್ಲ. ಎರಡು ಮೂರು ಹಾಳೆ ಒಟ್ಟಿಗೆ ಹೋದವು ಅಂದರಲ್ಲ, ಅಲ್ಲಿಂದ ಶುರುವಾದದ್ದು ಇದು.

ಕಾರ್ಖಾನೆಯಿಂದ ಹೊರಡುವಾಗ ಈ ತರಹದ ಪೇಪರಿನಲ್ಲಿ ತೇವ ಶೇಕಡಾ 5ರ ಆಸುಪಾಸು ಇರುತ್ತದೆ. ರೀಮಿನ, ಅಂದರೆ ಪೇಪರ್ ಕಟ್ಟಿನ, ಕವರಿಗೆ ಒಳಗೆ ತೇವ ತಡೆಯುವ ಲೇಪ ಇರುವುದು ಅದಕ್ಕೇ. ಸಾಗರದ ಜುಲೈ ಗಾಳಿಗೆ ಕವರ್ ಹರಿದು ಪೇಪರ್ ಇಟ್ಟರೆ ಅದು ಗಾಳಿಯ ತೇವವನ್ನು ಕುಡಿಯುತ್ತದೆ. ಅದೂ ಎಲ್ಲ ಕಡೆ ಸಮವಾಗಿ ಕುಡಿಯುವುದಿಲ್ಲ, ಕಟ್ಟಿನ ಅಂಚು ಮೊದಲು ಕುಡಿಯುತ್ತದೆ, ನಡುಭಾಗ ಒಣಗಿಯೇ ಇರುತ್ತದೆ. ಅಂಚು ಹಿಗ್ಗಿ ನಡು ಹಿಗ್ಗದಿದ್ದಾಗ ಅಂಚು ಅಲೆಅಲೆಯಾಗುತ್ತದೆ. ಕಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ, ಕಾಣಿಸುತ್ತದೆ. ಕಾಗದದ ನಾರು ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ದಪ್ಪಕ್ಕೆ ಎಷ್ಟೋ ಪಟ್ಟು ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಹಾಳೆ ಒಂದು ದಿಕ್ಕಿಗೆ ಸುರುಳಿಯಾಗುತ್ತದೆ. ಒದ್ದೆ ಹಾಳೆಗೆ ಬಿಗುವೂ ಕಡಿಮೆ. ರೋಲರ್ ತಳ್ಳಿದರೆ ಮುಂದಕ್ಕೆ ಹೋಗುವ ಬದಲು ಮಡಚಿಕೊಳ್ಳುತ್ತದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಇದರಿಂದಲೇ.

ಅದರ ಮೇಲೆ ಎರಡೂ ಕಡೆ ಪ್ರಿಂಟ್. ಮನೆಯ ಪ್ರಿಂಟರಿನ ಇಂಕಿನಲ್ಲಿ ಮುಕ್ಕಾಲು ಪಾಲು ನೀರೇ. ಒಂದು ಕಡೆ ಪ್ರಿಂಟ್ ಆದ ಹಾಳೆ ಅಂದರೆ ಒಂದು ಕಡೆ ನೆಂದ ಹಾಳೆ. ಅದನ್ನು ಬಿಸಿಬಿಸಿ ತಿರುಗಿಸಿ ಹಾಕಿದರೆ ತುದಿ ಮೇಲಕ್ಕೋ ಕೆಳಕ್ಕೋ ಬಾಗಿರುತ್ತದೆ, ಹೆಡ್ಡಿಗೆ ತಾಗುತ್ತದೆ. ಹತ್ತು ಹದಿನೈದು ನಿಮಿಷ ಹರಡಿ ಇಡಿ, ಮಳೆಗಾಲದಲ್ಲಿ ಅರ್ಧ ಗಂಟೆ. ಆಮೇಲೆ ಬಾಗಿದ ದಿಕ್ಕಿಗೆ ಎದುರಾಗಿ ಕೈಯಲ್ಲಿ ಸ್ವಲ್ಪ ಬಗ್ಗಿಸಿ ಸಮ ಮಾಡಿ ಹಾಕಿ. ಲೆಕ್ಕದ ಹಾಳೆಯಾದರೆ ಡ್ರಾಫ್ಟ್ ಮೋಡ್ ಸಾಕು, ಇಂಕು ಕಡಿಮೆ ಬೀಳುತ್ತದೆ, ಹಾಳೆ ಕಡಿಮೆ ನೆನೆಯುತ್ತದೆ.

ಪೇಪರ್ ಯಾವುದು ಹಾಕುತ್ತೀರಿ ಅಂತಲೂ ನೋಡಿ. ಕವರಿನ ಮೇಲೆ ಜಿಎಸ್‌ಎಂ ಅಂತ ಬರೆದಿರುತ್ತದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಅದು. ಎ0 ಹಾಳೆ ಸರಿಯಾಗಿ ಒಂದು ಚದರ ಮೀಟರ್, ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4, ಅಂದರೆ 16 ಹಾಳೆ ಸೇರಿದರೆ ಒಂದು ಚದರ ಮೀಟರ್. 1922ರಲ್ಲಿ ಜರ್ಮನಿಯವರು ಮಾಡಿದ ಅಳತೆ ಇದು, ಟೀಚರ್ ಮಕ್ಕಳಿಗೆ ಲೆಕ್ಕ ಕೊಡಲೂ ಒಳ್ಳೆಯದು. 75 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ ಸುಮಾರು 4.7 ಗ್ರಾಂ, 500 ಹಾಳೆಯ ರೀಮು 2.3 ಕಿಲೋ ಮೇಲೆ ತೂಗಬೇಕು. ಅಗ್ಗದ ರೀಮು ತಂದರೆ ಅಡುಗೆಮನೆ ತಕ್ಕಡಿಯಲ್ಲಿ ಒಮ್ಮೆ ಇಟ್ಟು ನೋಡಿ, ಎಷ್ಟೋ ಸಲ ಕವರಿನ ಮೇಲಿನ ಅಂಕಿ ಬೇರೆ, ಒಳಗಿನ ಕಾಗದ ಬೇರೆ. ಮಳೆಗಾಲಕ್ಕೆ 80 ಹಾಕಿದರೆ ಇನ್ನೂ ಬಿಗುವಾಗಿರುತ್ತದೆ. ಕೆಲವು ಕವರ್ ಮೇಲೆ ಬಾಣದ ಗುರುತು ಇರುತ್ತದೆ, ಯಾವ ಮುಖಕ್ಕೆ ಮೊದಲು ಪ್ರಿಂಟ್ ಮಾಡಬೇಕು ಅಂತ. ಯಾರೂ ನೋಡುವುದಿಲ್ಲ, ಅದು ಸುಮ್ನೆ ಹಾಕಿದ್ದಲ್ಲ.

ಜೆರಾಕ್ಸ್ ಅಂಗಡಿ, ತೀರ್ಥಹಳ್ಳಿ

ದಾಂಡೇಲಿ ಸರ್ ಹೇಳಿದ್ದಕ್ಕೆ ನನ್ನದೊಂದು. ಮಲೆನಾಡಿನಲ್ಲಿ ಅಂಗಡಿ ಇಟ್ಟವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಪರನ್ನು ಬೆಚ್ಚಗೆ ಇಡುವುದೇ ಒಂದು ಕೆಲಸ. ನನ್ನ ಹತ್ತಿರ ಒಂದು ಮರದ ಬೀರು ಇದೆ, ಕೆಳಗಿನ ಖಾನೆಯಲ್ಲಿ ಹಳೇ ಕಾಲದ ಬಲ್ಬು ಉರಿಯುತ್ತದೆ, ಮೇಲಿನ ಎರಡು ಖಾನೆಯಲ್ಲಿ ಪೇಪರ್. ಎಲ್ಇಡಿ ಹಾಕಿದರೆ ಪ್ರಯೋಜನವಿಲ್ಲ, ಅದು ಬಿಸಿಯಾಗುವುದಿಲ್ಲ. ಬಲ್ಬಿಗೂ ಪೇಪರಿಗೂ ಒಂದು ಅಡಿಗಿಂತ ಜಾಸ್ತಿ ಜಾಗ ಇರಲಿ, ಸುತ್ತ ತಂತಿ ಬಲೆ ಇರಲಿ, ರಾತ್ರಿ ಆರಿಸಿ ಹೋಗಿ. ದೊಡ್ಡ ಜೆರಾಕ್ಸ್ ಮಿಷನ್ನುಗಳಲ್ಲಿ ಪೇಪರ್ ಟ್ರೇಗೆ ಸಣ್ಣ ಹೀಟರ್ ಹಾಕುವ ವ್ಯವಸ್ಥೆಯೇ ಇರುತ್ತದೆ, ತೇವದ ಊರುಗಳಿಗಾಗಿಯೇ ಅಂತ.

ಮನೆಗೆ ಇಷ್ಟೆಲ್ಲ ಬೇಡ. ಒಂದು ರೀಮು ಒಡೆದರೆ ಬೇಕಾದಷ್ಟು ತೆಗೆದು ಉಳಿದದ್ದನ್ನು ಅದೇ ಕವರಿನಲ್ಲಿ ಸುತ್ತಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಇಡಿ. ಪ್ರಿಂಟರಿನಲ್ಲಿ ಪೇಪರ್ ನಿಲ್ಲಿಸಿ ಬಿಡಬೇಡಿ. ಕೆಲಸ ಮುಗಿದ ಮೇಲೆ ವಾಪಸ್ ತೆಗೆಯಿರಿ. ಹಾಕುವ ಮೊದಲು ಕಟ್ಟಿನ ನಾಲ್ಕೂ ಅಂಚನ್ನು ಹೆಬ್ಬೆರಳಿನಲ್ಲಿ ಫರ್ರ್ ಅಂತ ಬಿಡಿಸಿ, ಟೇಬಲ್ ಮೇಲೆ ತಟ್ಟಿ ಸಮ ಮಾಡಿ. ಪಕ್ಕದ ಹಿಡಿಕೆ ಪೇಪರಿಗೆ ತಾಗಿರಬೇಕು, ಒತ್ತಿರಬಾರದು. ಒತ್ತಿದರೆ ನಡುವೆ ಉಬ್ಬುತ್ತದೆ, ಸಡಿಲ ಬಿಟ್ಟರೆ ಓರೆ ಹೋಗುತ್ತದೆ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಹಾಳೆ ಸಾಕು, ಟ್ರೇ ತುಂಬಾ ತುಂಬಬೇಡಿ.

ಟ್ಯೂಷನ್ ಟೀಚರ್, ಸಾಗರ

ಸಿಕ್ಕಿತು! ಕರೆಯೋಲೆಯ ಪಟ್ಟಿ ಬಲಗಡೆ ಪೂರ್ತಿ ಇಳಿಯಿತು, ನಡುವೆಯೂ ಇಳಿಯಿತು, ಎಡಗಡೆ ಗುರುತಿಗಿಂತ ಎರಡು ಬೆರಳು ಮೇಲೆಯೇ ಟಕ್ ಅಂತ ನಿಂತಿತು. ಟೇಪ್ ಹಚ್ಚಿ ಇಳಿಸಿದಾಗ ಮೊದಲು ಬಂದದ್ದು ಉಗುರಿನಷ್ಟು ಪೇಪರ್ ಚೂರು, ಆಮೇಲೆ ಪ್ಲಕ್ಕರಿನಲ್ಲಿ ಹಿಡಿದು ಎಳೆದರೆ ಒಂದು ಬಳಪದ ತುಂಡು. ಒಂದನೇ ಕ್ಲಾಸಿನ ಮಗುವೊಂದು ಪ್ರಿಂಟರ್ ಪಕ್ಕವೇ ಸ್ಲೇಟು ಇಟ್ಟುಕೊಂಡು ಕೂರುತ್ತದೆ. ಅಲ್ಲಿಂದಲೇ ಬಿದ್ದಿರಬೇಕು. ರಬ್ಬರ್ ರೋಲರಿನ ಮೇಲೆ ಎಡಗಡೆ ಬೂದು ಪುಡಿ ಹಿಡಿದಿದೆ, ಬಳಪ ಉಜ್ಜಿ ಆದದ್ದು. ಅದನ್ನು ಹೇಗೆ ಒರೆಸಲಿ? ಸ್ಯಾನಿಟೈಸರ್ ಹಾಕಬಹುದಾ?

ಪೇಪರ್ ಈಗ ನೇರವಾಗಿ ಹೋಗುತ್ತದೆ, ಜಾಮ್ ಇಲ್ಲ. ಆದರೆ ಕಪ್ಪು ಅಕ್ಷರದ ನಡುವೆ ಬಿಳಿ ಗೆರೆ ಗೆರೆ ಬರುತ್ತಿದೆ, ಹಳದಿ ಬಣ್ಣವಂತೂ ಬರುತ್ತಲೇ ಇಲ್ಲ.

ಬನಶಂಕರಿ ಹುಡುಗ

ಬಳಪ! ಬೆಂಗಳೂರಿನಲ್ಲಿ ಈಗ ಬಳಪ ನೋಡಿದ ಮಕ್ಕಳೇ ಇಲ್ಲ. ಟೀಚರ್, ಹೆಡ್ ಕ್ಲೀನಿಂಗ್ ಕೊಡಿ, ಹತ್ತು ಸಲ ಕೊಟ್ಟರೆ ಬರುತ್ತದೆ.

ಹುಬ್ಬಳ್ಳಿ ರಿಪೇರಿ

ಹತ್ತು ಸಲ ಬೇಡ ತಮ್ಮಾ, ಇಂಕು ಯಾರಪ್ಪನದು?

ಟೀಚರ್, ಮೊದಲು ರೋಲರ್. ಸ್ಯಾನಿಟೈಸರ್, ಸ್ಪಿರಿಟ್, ಪೆಟ್ರೋಲ್ ಯಾವುದೂ ಬೇಡ, ರಬ್ಬರ್ ಒಣಗಿ ಬಿರುಕು ಬಿಡುತ್ತದೆ. ಕನ್ನಡಕ ಒರೆಸುವಂಥ ನೂಲು ಬಿಡದ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಹಲ್ಲುಚಕ್ರ ತಿರುಗಿಸುತ್ತಾ ಸುತ್ತಲೂ ಒರೆಸಿ. ನೀರು ತೊಟ್ಟಿಕ್ಕಬಾರದು. ಒಣಗಿದ ಮೇಲೆ ರಬ್ಬರ್ ಮುಟ್ಟಿ ನೋಡಿ, ಬೆರಳಿಗೆ ಸ್ವಲ್ಪ ಹಿಡಿತ ಸಿಗಬೇಕು. ನುಣ್ಣಗೆ ಹೊಳೆಯುತ್ತಿದ್ದರೆ ಇನ್ನೊಮ್ಮೆ ಒರೆಸಿ. ಕೆಲವು ಪ್ರಿಂಟರಿನ ಮೆಂಟೆನೆನ್ಸ್ ಮೆನುವಿನಲ್ಲಿ ರೋಲರ್ ಕ್ಲೀನಿಂಗ್ ಅಂತಲೇ ಇರುತ್ತದೆ, ಪೇಪರ್ ಸುಮ್ನೆ ಓಡಿಸಿ ದೂಳು ತೆಗೆಯುತ್ತದೆ.

ಬಿಳಿ ಗೆರೆ ಬಂದದ್ದು ಹೆಡ್ಡು ಬಾಯಿ ತೆರೆದು ನಿಂತಿದ್ದಕ್ಕೆ. ನಾಝಲ್ ಅಂದರೆ ಹೆಡ್ಡಿನ ಆ ಸಣ್ಣ ತೂತು. ನಾಝಲ್ ಚೆಕ್ ಅಂತ ಒಂದು ಪ್ರಿಂಟ್ ಕೊಡಿ, ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಬರುತ್ತವೆ, ಎಲ್ಲೆಲ್ಲಿ ತುಂಡಾಗಿದೆ ನೋಡಿ, ಆ ಹಾಳೆ ಇಟ್ಟುಕೊಳ್ಳಿ. ಈಗ ಒಂದು ಸಲ ಕ್ಲೀನಿಂಗ್. ಮತ್ತೆ ನಾಝಲ್ ಚೆಕ್, ಹಳೇ ಹಾಳೆಯ ಪಕ್ಕ ಇಟ್ಟು ನೋಡಿ. ಸುಧಾರಿಸುತ್ತಿದ್ದರೆ ಇನ್ನೊಂದು ಸಲ. ಮೂರು ಸಲ ಆದ ಮೇಲೆ ನಿಲ್ಲಿಸಿ, ಬಟನ್ನಿನಲ್ಲಿ ಆಫ್ ಮಾಡಿ, ರಾತ್ರಿಯಿಡೀ ಬಿಡಿ. ಒಣಗಿದ ಇಂಕಿನ ಮೇಲೆ ಹೊಸ ಇಂಕು ನಿಂತು ಅದನ್ನು ಕರಗಿಸಬೇಕು, ಅದಕ್ಕೆ ಹೊತ್ತು ಬೇಕು. ಅವಸರ ಮಾಡಿ ಮೇಲಿಂದ ಮೇಲೆ ಕೊಟ್ಟರೆ ಟ್ಯಾಂಕಿನ ಇಂಕೆಲ್ಲ ತಳದ ಪ್ಯಾಡಿಗೆ ಹೋಗುತ್ತದೆ. ಆ ಪ್ಯಾಡ್ ತುಂಬಿತು ಅಂತ ಪ್ರಿಂಟರಿಗೆ ಅನಿಸಿದರೆ ಅದು ಪೂರ್ತಿ ನಿಂತುಬಿಡುತ್ತದೆ, ಆಗ ಶಿವಮೊಗ್ಗ ಬಸ್ಸು ತಪ್ಪಿದ್ದಲ್ಲ.

ಬೆಳಿಗ್ಗೆಯೂ ಹಳದಿ ಬಾರದಿದ್ದರೆ ಮೆನುವಿನಲ್ಲಿ ಜೋರಾದ ಕ್ಲೀನಿಂಗ್ ಒಂದು ಇರುತ್ತದೆ, ಪವರ್ ಕ್ಲೀನಿಂಗ್ ಅಂತಲೋ ಡೀಪ್ ಕ್ಲೀನಿಂಗ್ ಅಂತಲೋ. ಅದಕ್ಕೆ ಮೊದಲು ಎಲ್ಲ ಬಣ್ಣವೂ ಟ್ಯಾಂಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಮೇಲೆ ಇದೆಯಾ ನೋಡಿ. ಕಡಿಮೆ ಇದ್ದಾಗ ಕೊಟ್ಟರೆ ಟ್ಯೂಬು ಗಾಳಿ ಎಳೆದುಕೊಳ್ಳುತ್ತದೆ.

ನಿಮ್ಮ ಕಡೆ ಮಳೆ ಬಂದರೆ ಕರೆಂಟ್ ಹೋಗುತ್ತದೆ ಅಂತ ಗೊತ್ತಿದೆ. ಮೋಡ ಕವಿದಿದ್ದಾಗ ಐವತ್ತು ಹಾಳೆ ಒಟ್ಟಿಗೆ ಕೊಡಬೇಡಿ. ಪ್ರಿಂಟ್ ನಡುವೆ ಕರೆಂಟ್ ಹೋದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಹೆಡ್ಡು ಬಲಕ್ಕೆ ಹೋಗಿ ಕೂತ ಮೇಲೆ ಬಟನ್ನಿನಿಂದಲೇ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್. ಗೋಡೆಯ ಸ್ವಿಚ್ಚಿನಲ್ಲಿ ಆರಿಸುವ ಅಭ್ಯಾಸ ಇದ್ದರೆ ಬಿಡಿ. ಹಿಂದಿನ ಬಾಯಿಯ ಹತ್ತಿರ ಒಂದು ಸಣ್ಣ ಮುಚ್ಚಳ ಇರಬೇಕು ನೋಡಿ, ಮುಂದಕ್ಕೆ ಬಗ್ಗಿಸಿದರೆ ಪೇಪರ್ ಇಳಿಯುವ ಸಂದಿ ಮುಚ್ಚುತ್ತದೆ. ಬಳಪ ಬೀಳದಿರಲಿ ಅಂತಲೇ ಇಟ್ಟದ್ದು ಅದು.

ಟ್ಯೂಷನ್ ಟೀಚರ್, ಸಾಗರ

ಇವತ್ತಿನ ಸುದ್ದಿ: ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನಾಝಲ್ ಚೆಕ್ ಕೊಟ್ಟೆ, ಕಪ್ಪು ಪೂರ್ತಿ ಬಂತು. ಹಳದಿ ಇನ್ನೂ ಎರಡು ಕಡೆ ತುಂಡು. ಪ್ರಶ್ನೆಪತ್ರಿಕೆಗೆ ಹಳದಿ ಬೇಕಿಲ್ಲ, ಇವತ್ತು ರಾತ್ರಿ ಮತ್ತೆ ಹಾಗೇ ಬಿಡುತ್ತೇನೆ. ಜೋರಾದ ಕ್ಲೀನಿಂಗ್‌ಗೆ ಹೋಗುವ ಮೊದಲು ಹಳದಿ ಬಾಟಲಿ ತರಬೇಕು, ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿದೆ. ಮುಚ್ಚಳ ಇತ್ತು, ನಾವು ಅದನ್ನು ಯಾವತ್ತೂ ಬಗ್ಗಿಸಿಯೇ ಇರಲಿಲ್ಲ. ದಾಂಡೇಲಿ ಸರ್, ರೀಮು ತಕ್ಕಡಿಯಲ್ಲಿಟ್ಟು ತೂಗಿದೆ, ಕವರ್ ಮೇಲೆ 75 ಅಂತ ಇದೆ, ತೂಕ ಎರಡು ಕಿಲೋ ಚಿಲ್ಲರೆ ಅಷ್ಟೇ ಬಂತು. ಅಂಗಡಿಯವರನ್ನು ಕೇಳುತ್ತೇನೆ.

ಕಾಗದದವ, ದಾಂಡೇಲಿ

ಕೇಳುವ ಮೊದಲು ಹಾಳೆ ಎಣಿಸಿ ಮೇಡಂ. ಕೆಲವು ರೀಮಿನಲ್ಲಿ 500ರ ಬದಲು ಕಡಿಮೆ ಹಾಳೆ ಇರುತ್ತದೆ, ಕವರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದೂ ಇರುತ್ತಾರೆ.